ಲೆವೆಲ್ ಮಾಡಲು ಕೂತರೆ ತಲೆ ಓಡುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾತ್ರಿ ಹೊತ್ತು, ರಜಾ ದಿನಗಳಲ್ಲಿ ಚಿಕ್ಕ ಚಿಕ್ಕ 2ಡಿ ಗೇಮ್ ಮಾಡುವವನು. ಓಡುವುದು, ಹಾರುವುದು, ಬಿದ್ದು ಸಾಯುವುದು, ಮತ್ತೆ ಶುರು ಮಾಡುವುದು. ಅಂಥವು. ಇದೇ ಹುಚ್ಚು ಹಚ್ಚಿಕೊಂಡ ಗೆಳೆಯರು ನನ್ನನ್ನು ಕೇಳುವುದರಲ್ಲಿ ಕೋಡ್ ವಿಷಯ ಕಡಿಮೆ. "ಲೆವೆಲ್ ಮಾಡೋಕೆ ಕೂತೆ, ಏನೂ ಹೊಳೀತಿಲ್ಲ" ಅನ್ನುವುದೇ ಜಾಸ್ತಿ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಪ್ಲಾಟ್‌ಫಾರ್ಮರ್ ಗೇಮ್‌ಗಳವು, ಅಂದರೆ ಹೀಗೆ ಓಡಿ ಹಾರುವ ಗೇಮ್‌ಗಳವು, ಏಕೆಂದರೆ ನನಗೆ ಗೊತ್ತಿರುವುದು ಅದೇ.

ಐಡಿಯಾನೇ ಬರುತ್ತಿಲ್ಲ. ನನಗೆ ಕ್ರಿಯೇಟಿವಿಟಿ ಇಲ್ಲ ಅಂತ ಅರ್ಥವಾ?

ಐಡಿಯಾ ಇಲ್ಲ ಅನ್ನುವವರ ನೋಟ್‌ಬುಕ್ ತೆಗೆಸಿ ನೋಡಿದ್ದೇನೆ. ಪುಟ ತುಂಬ ಐಡಿಯಾ ಇರುತ್ತವೆ. "ಮಳೆ ಬೀಳುವ ಕಾಡು, ಹಾಳು ಗುಡಿ, ಬಾವಲಿಗಳು, ಕೊನೆಗೆ ದೊಡ್ಡ ಹಾವು." ಚೆನ್ನಾಗಿಯೇ ಇದೆ. ಆದರೆ ಇವೆಲ್ಲ ಚಿತ್ರಗಳು. ಆಡುವವನ ಬೆರಳು ಏನು ಮಾಡಬೇಕು ಅಂತ ಇದರಲ್ಲಿ ಒಂದು ಸಾಲೂ ಇಲ್ಲ. ಹಾಗಾಗಿ ಲೆವೆಲ್ ಕಟ್ಟುವ ಸಾಫ್ಟ್‌ವೇರ್, ಅಂದರೆ ಎಡಿಟರ್, ತೆರೆದ ಕೂಡಲೇ ಕೈ ನಿಂತುಬಿಡುತ್ತದೆ.

ಲೆವೆಲ್ ಅಂದರೆ ಆಡುವವನಿಗೆ ನೀವು ಹಾಕುವ ಒಂದು ಸವಾಲು. "ಈ ಹಲಗೆ ಕುಸಿಯುವುದರೊಳಗೆ ಆಚೆ ದಾಟ್ತೀಯಾ?" ಇದು ಸವಾಲು. "ಮಳೆ ಬೀಳುವ ಕಾಡು" ಬರೀ ಜಾಗ. ನಾನು ಸಿಕ್ಕಿಹಾಕಿಕೊಂಡಾಗ ಮೊದಲು ಮಾಡುವ ಕೆಲಸ ಇದೇ: ಈ ಕೋಣೆ, ಅಂದರೆ ಈ ಲೆವೆಲ್, ಆಡುವವನನ್ನು ಏನು ಕೇಳುತ್ತಿದೆ ಅಂತ ಒಂದೇ ಸಾಲಿನಲ್ಲಿ ಬರೆಯಲು ನೋಡುತ್ತೇನೆ. ಹತ್ತರಲ್ಲಿ ಎಂಟು ಸಲ ಆ ಸಾಲು ಬರುವುದಿಲ್ಲ. ಅಲ್ಲಿಗೆ ಗಂಟು ಎಲ್ಲಿದೆ ಅಂತ ಗೊತ್ತಾಯಿತು.

ಖಾಲಿ ಎಡಿಟರ್ ನೋಡಿದರೇ ಭಯ. ಎಲ್ಲಿಂದ ಶುರು ಮಾಡಲಿ?

ಲೆವೆಲ್‌ನಿಂದ ಶುರು ಮಾಡಬೇಡಿ. ಗರಡಿಮನೆಯಿಂದ ಶುರು ಮಾಡಿ.

ನಿಮ್ಮ ಹೀರೋ ಎಷ್ಟು ದೂರ ಹಾರುತ್ತಾನೆ, ಎಷ್ಟು ಎತ್ತರ ಏರುತ್ತಾನೆ ಅಂತ ಅಳೆಯಲು ಮಾಡುವ ಪರೀಕ್ಷೆ ಕೋಣೆಗೆ ನಾನು ಇಟ್ಟ ಹೆಸರು ಅದು. ನನ್ನ ಈಗಿನ ಗೇಮ್‌ನಲ್ಲಿ ಪರದೆ 320×180 ಪಿಕ್ಸೆಲ್. ಟೈಲ್, ಅಂದರೆ ಲೆವೆಲ್ ಕಟ್ಟುವ ಒಂದೊಂದು ಚೌಕ, 16 ಪಿಕ್ಸೆಲ್. ಅಂದರೆ ಒಂದು ಪರದೆಯಲ್ಲಿ ಅಡ್ಡಕ್ಕೆ 20 ಟೈಲ್, ಎತ್ತರಕ್ಕೆ 11 ಚಿಲ್ಲರೆ. ಗರಡಿಮನೆಯಲ್ಲಿ ಸಾಲಾಗಿ ಹಳ್ಳ ತೋಡಿದೆ: 2 ಟೈಲ್, 3, 4, 5, 6. ಪಕ್ಕದಲ್ಲಿ ಗೋಡೆ: 1, 2, 3, 4. ಆಮೇಲೆ ಸುಮ್ನೆ ಅರ್ಧ ಗಂಟೆ ಹಾರಿದೆ.

ಸಿಕ್ಕಿದ್ದು ಇಷ್ಟು. 3 ಟೈಲ್ ಹಳ್ಳವನ್ನು ಯಾರು ಬೇಕಾದರೂ ದಾಟುತ್ತಾರೆ. 4 ಅಂದರೆ ಸ್ವಲ್ಪ ಗಮನ ಬೇಕು. 5 ಅಂದರೆ ಓಡಿ ಬಂದು ಅಂಚಿನಲ್ಲೇ ಒತ್ತಬೇಕು, ಎದೆ ಒಂದು ಸಲ ಧಸಕ್ ಅನ್ನುತ್ತದೆ. 6 ಆಗುವುದೇ ಇಲ್ಲ, ಅದು ಗೋಡೆ ಇದ್ದ ಹಾಗೆ. ನೋಡಿ, ಈಗ ನನ್ನ ಹತ್ತಿರ ನಾಲ್ಕು ಪದ ಇವೆ: ಸುಲಭ, ಗಮನ, ಭಯ, ಬೇಲಿ. ಖಾಲಿ ಪರದೆಗೆ ಹೆದರುತ್ತಿದ್ದವನು ಈಗ "ಸುಲಭ, ಸುಲಭ, ಭಯ, ವಿಶ್ರಾಂತಿ" ಅಂತ ಒಂದು ಸಾಲು ಬರೆಯಬಹುದು. ಅದನ್ನು ಟೈಲ್‌ನಲ್ಲಿ ಜೋಡಿಸಿದರೆ ಒಂದು ಕಚ್ಚಾ ಕೋಣೆ ತಯಾರು.

ಒಂದು ಎಚ್ಚರಿಕೆ. ಹಾರುವ ಅಳತೆ ಗಟ್ಟಿಯಾಗುವವರೆಗೂ ಲೆವೆಲ್ ಮಾಡಲು ಹೋಗಬೇಡಿ. 14 ಕೋಣೆ ಮಾಡಿದ ಮೇಲೆ ನನಗೆ ಜಿಗಿತ ಯಾಕೋ ಭಾರ ಅನ್ನಿಸಿ ಗ್ರ್ಯಾವಿಟಿಯನ್ನು ಒಂಚೂರು ಇಳಿಸಿದೆ. ಬೇಲಿಗಳೆಲ್ಲ ಸುಲಭ ಆಗಿಬಿಟ್ಟವು. ಆರು ಕೋಣೆಗಳನ್ನು ಮೇಲಿಂದ ಮೇಲೆ ಹಾರಿಕೊಂಡೇ ಹೋಗಬಹುದಿತ್ತು. ಆ ವಾರ ಪೂರ್ತಿ ರಿಪೇರಿಯೇ ಆಯಿತು.

ಮೊದಲ ಲೆವೆಲೇ ಆಗುತ್ತಿಲ್ಲ. ಅದು ಮುಗಿಯದೆ ಮುಂದೆ ಹೋಗುವುದು ಹೇಗೆ?

ಅದನ್ನು ಬಿಟ್ಟು ಮುಂದೆ ಹೋಗಿ. ಮೊದಲ ಲೆವೆಲ್ ಕೊನೆಗೆ ಮಾಡುವಂಥದ್ದು. 1993ರ ಡೂಮ್ ಗೇಮ್‌ನ ಮೊದಲ ಲೆವೆಲ್ ಎಷ್ಟು ಹೆಸರುವಾಸಿ ಅಲ್ವಾ? ಅದು ಇರುವ ಎಪಿಸೋಡ್‌ನಲ್ಲಿ (ಗೇಮ್‌ನ ಒಂದು ಭಾಗ) ತಾನು ಎಲ್ಲಕ್ಕಿಂತ ಕೊನೆಗೆ ಮಾಡಿದ್ದು ಅದನ್ನೇ ಅಂತ ಆ ಲೆವೆಲ್ ಮಾಡಿದ ಜಾನ್ ರೊಮೆರೊ ಹೇಳಿದ್ದಾರೆ. ಉಳಿದ ಲೆವೆಲ್‌ಗಳನ್ನು ಮಾಡುತ್ತಾ ಕೈ ಪಳಗಿರುತ್ತದೆ. ಆಟದಲ್ಲಿ ಏನೇನಿದೆ ಅಂತ ಆಗ ನಿಮಗೇ ಪೂರ್ತಿ ಗೊತ್ತಿರುತ್ತದೆ.

ಮೊದಲ ಲೆವೆಲ್ ಕಷ್ಟ ಆಗುವುದಕ್ಕೂ ಕಾರಣ ಇದೆ. ಅದು ಪಾಠ ಹೇಳಬೇಕು, ಆದರೆ ಪಾಠ ಅಂತ ಅನ್ನಿಸಬಾರದು. 1985ರ ಸೂಪರ್ ಮಾರಿಯೋ ಬ್ರದರ್ಸ್ ಶುರುವಾಗುವ ಜಾಗ ನೆನಪಿಸಿಕೊಳ್ಳಿ. ಎಡಗಡೆ ಖಾಲಿ, ಬಲಗಡೆ ದಾರಿ. ಗೂಂಬಾ ಅನ್ನುವ ಒಂದು ಪುಟ್ಟ ಶತ್ರು ನಿಮ್ಮ ಕಡೆಗೇ ನಡೆದು ಬರುತ್ತದೆ. ಸುಮ್ಮನೆ ನಿಂತರೆ ಸಾಯುತ್ತೀರಿ. ಹಾರಿದರೆ ಅದು ಕೆಳಗೆ ಸಿಕ್ಕಿ ಅಪ್ಪಚ್ಚಿ, ಇಲ್ಲವೇ ತಲೆ ಮೇಲಿನ ಬ್ಲಾಕ್‌ಗೆ ತಾಗುತ್ತೀರಿ. ಬ್ಲಾಕ್‌ನಿಂದ ಬಂದ ಅಣಬೆ ಬಲಕ್ಕೆ ಹೋಗಿ, ಪೈಪಿಗೆ ಬಡಿದು, ವಾಪಸ್ ನಿಮ್ಮತ್ತಲೇ ಬರುತ್ತದೆ. ಇದೂ ಶತ್ರು ಅಂತ ಹೆದರಿ ಹಾರಿದರೂ ಮೇಲೆ ಬ್ಲಾಕ್‌ಗಳು ತಡೆಯುತ್ತವೆ. ಹೆಚ್ಚಿನವರಿಗೆ ಅಣಬೆ ತಾಗಿಯೇ ತಾಗುತ್ತದೆ, ಹೀರೋ ದೊಡ್ಡವನಾಗುತ್ತಾನೆ. ಒಂದೇ ಒಂದು ಅಕ್ಷರ ಬರೆಯದೆ ಇಷ್ಟು ಕಲಿಸಿದ್ದಾರೆ. ಆಟದಲ್ಲಿ ಮುಂದೆ ಏನು ಬರುತ್ತದೆ ಅಂತ ಗೊತ್ತಿಲ್ಲದೆ ಇಂಥದ್ದನ್ನು ಮೊದಲ ದಿನವೇ ಮಾಡಲು ಕೂರುವುದು ಸುಮ್ಮನೆ ತಲೆ ಚಚ್ಚಿಕೊಂಡ ಹಾಗೆ.

ನನ್ನ ಗೇಮ್‌ನಲ್ಲಿ ಹೊಸದು ಅಂತ ಇರುವುದು ಒಂದೇ ಮೆಕ್ಯಾನಿಕ್ (ಆಟದ ನಿಯಮ). ಅದರಿಂದ ಎಷ್ಟು ತಾನೇ ಕೋಣೆ ತೆಗೆಯಲಿ?

ಒಂದು ಸಾಕು. ಕುಸಿಯುವ ಹಲಗೆಯನ್ನೇ ತೆಗೆದುಕೊಳ್ಳಿ. ಕಾಲಿಟ್ಟು ಅರ್ಧ ಸೆಕೆಂಡ್ ಆದ ಮೇಲೆ ಕೆಳಗೆ ಬೀಳುತ್ತದೆ, ಅಷ್ಟೇ. ನಾನು ಮಾಡಿದ್ದು ಹೀಗೆ.

ಮೊದಲ ಕೋಣೆಯಲ್ಲಿ ಹಲಗೆಯ ಕೆಳಗೆ ಗಟ್ಟಿ ನೆಲ ಇದೆ. ಬಿದ್ದರೆ ನಷ್ಟ ಇಲ್ಲ. "ಓ, ಇದು ಕುಸಿಯುತ್ತೆ" ಅಂತ ಗೊತ್ತಾಗುತ್ತದೆ. ಎರಡನೇ ಕೋಣೆಯಲ್ಲಿ 9 ಟೈಲ್ ಹಳ್ಳ, ನಡುವೆ ಎರಡು ಹಲಗೆ. ಈಗ ನಿಲ್ಲುವಂತಿಲ್ಲ, ಟಕ್ ಟಕ್ ಅಂತ ಹಾರುತ್ತಲೇ ಇರಬೇಕು. ಮೂರನೇ ಕೋಣೆಗೆ ಬಂದಾಗ ನನ್ನ ತಲೆ ಪೂರ್ತಿ ನಿಂತುಹೋಯಿತು. ಇನ್ನೂ ಉದ್ದದ ಹಳ್ಳ, ಇನ್ನೂ ಜಾಸ್ತಿ ಹಲಗೆ ಬಿಟ್ಟರೆ ಬೇರೆ ಏನೂ ಹೊಳೆಯಲಿಲ್ಲ. ಎರಡು ದಿನ ಹೀಗೇ ಹೋಯಿತು.

ಆಗ ನೆರವಿಗೆ ಬಂದಿದ್ದು ನಿಂಟೆಂಡೊದ ಕೊಯಿಚಿ ಹಯಾಶಿದಾ ಹೇಳಿದ ಒಂದು ಕ್ರಮ. 2011ರ ಸೂಪರ್ ಮಾರಿಯೋ 3ಡಿ ಲ್ಯಾಂಡ್ ಮಾಡುವಾಗ ಅವರು ಜಪಾನಿನ ಕಥೆ ಕಟ್ಟುವ ಒಂದು ಹಳೆಯ ಕ್ರಮದಂತೆ ಯೋಚಿಸುತ್ತಿದ್ದರು. ಅಲ್ಲಿನ ನಾಲ್ಕು ಚೌಕದ ಕಾಮಿಕ್‌ಗಳೂ ಹೀಗೇ ಇರುತ್ತವೆ. ಮೊದಲು ಪರಿಚಯ, ಆಮೇಲೆ ಸ್ವಲ್ಪ ಬೆಳೆಸುವುದು, ಮೂರನೆಯದರಲ್ಲಿ ತಿರುವು, ಕೊನೆಗೆ ಮುಕ್ತಾಯ. ನಾನು ಮೂರನೇ ಕೋಣೆಯಲ್ಲಿ ಬೆಳೆಸಲು ಹೋಗುತ್ತಿದ್ದೆ. ಅಲ್ಲಿ ಬೇಕಿದ್ದದ್ದು ತಿರುವು.

ಹಲಗೆಗೆ ತಿರುವು ಯಾವುದು? ಇಲ್ಲಿಯವರೆಗೆ ಅದು ಬೀಳುತ್ತದೆ ಅಂತ ಹೆದರಿದ್ದೆವು. ಅದು ಬೀಳಲೇಬೇಕು ಅಂತ ಆದರೆ? ಬಾಗಿಲನ್ನು ಕೆಳಗಿಟ್ಟೆ. ಓಡುವ ಚಾಳಿ ಬಿದ್ದ ಆಟಗಾರ ಈಗ ಹಲಗೆ ಮೇಲೆ ಉಸಿರು ಬಿಗಿಹಿಡಿದು ನಿಲ್ಲಬೇಕು, ಅದರ ಜೊತೆಗೇ ಇಳಿಯಬೇಕು. ನಾಲ್ಕನೇ ಕೋಣೆಯಲ್ಲಿ ಎರಡೂ ಇದೆ. ಒಂದು ಹಲಗೆ ಮೇಲೆ ನಿಲ್ಲಬೇಕು, ಮುಂದಿನದರ ಮೇಲೆ ಓಡಬೇಕು, ಯಾವುದು ಯಾವುದು ಅಂತ ನೋಡಿಯೇ ತಿಳಿಯಬೇಕು.

ಇನ್ನೂ ಕೋಣೆ ಬೇಕಾ? ಮೆಕ್ಯಾನಿಕ್‌ಗೆ ಗೇಮ್‌ನಲ್ಲಿರುವ ಬೇರೆ ಎಲ್ಲದರ ಜೊತೆಗೂ ಜಗಳ ಹಚ್ಚಿ. ಹಲಗೆ ಶತ್ರುವಿನ ತಲೆ ಮೇಲೆ ಬಿದ್ದರೆ? ಶತ್ರುವೇ ಹಲಗೆ ಮೇಲೆ ನಡೆದರೆ? ಬಿದ್ದ ಹಲಗೆ ಮತ್ತೆ ಬರದಿದ್ದರೆ, ಆದರೆ ಅದೇ ದಾರಿಯಲ್ಲಿ ವಾಪಸ್ ಬರಬೇಕಿದ್ದರೆ? ನನ್ನ ಪಟ್ಟಿಯಲ್ಲಿ ಹನ್ನೊಂದು ಜಗಳ ಆದವು. ಮೂರು ಚೆನ್ನಾಗಿದ್ದವು.

ಕಾಗದದ ಮೇಲೆ ಬರೆಯುವುದು ಒಳ್ಳೆಯದಾ, ನೇರವಾಗಿ ಎಡಿಟರ್‌ನಲ್ಲಾ?

ಮಾರಿಯೋ ಲೆವೆಲ್‌ಗಳನ್ನು ಗ್ರಾಫ್ ಹಾಳೆ ಮೇಲೆ ಬರೆದಿದ್ದರು. ನಾನು ಚೌಕಳಿ ಗೆರೆಯ ಲೆಕ್ಕದ ಪುಸ್ತಕ ಬಳಸುತ್ತೇನೆ. ಪೆನ್ಸಿಲ್‌ನಲ್ಲಿ ಗೀಚಿದ್ದನ್ನು ಹರಿದು ಬಿಸಾಕಲು ಮನಸ್ಸಿಗೆ ಕಷ್ಟ ಆಗುವುದಿಲ್ಲ, ಅದೇ ದೊಡ್ಡ ಲಾಭ. ಆದರೆ ಟೈಮಿಂಗ್ ಕಾಗದದಲ್ಲಿ ಕಾಣುವುದಿಲ್ಲ. ಹತ್ತು ನಿಮಿಷ ಗೀಚಿ, ಎಡಿಟರ್‌ಗೆ ಹೋಗಿ. ಟೈಲ್ಡ್, ಎಲ್‌ಡಿಟಿಕೆ, ಗೊಡಾಟ್ ಒಳಗಿನದು, ಯಾವ ಎಡಿಟರ್ ಆದರೂ ಆದೀತು. ಟೂಲ್ ಬದಲಾಯಿಸಿದರೆ ಐಡಿಯಾ ಬರುತ್ತದೆ ಅಂತ ನಾನೂ ಮೂರು ಸಲ ಬದಲಾಯಿಸಿದ್ದೇನೆ. ಬರಲಿಲ್ಲ.

ಮಾಡಿದ್ದು ಚಂದ ಕಾಣುವುದೇ ಇಲ್ಲ, ಅದಕ್ಕೆ ಉತ್ಸಾಹ ಇಳಿದುಹೋಗುತ್ತದೆ.

ಚಂದ ಮಾಡಲು ಇನ್ನೂ ಸಮಯ ಬಂದಿಲ್ಲ. ಬೂದು ಬಣ್ಣದ ಡಬ್ಬಗಳಲ್ಲೇ ಆಡಿ ನೋಡಿ. ಗೋಡೆಗೆ ಪಾಚಿ, ಬೇರು, ದೀಪ ಎಲ್ಲ ಬಿಡಿಸಿಬಿಟ್ಟ ಮೇಲೆ ಆ ಗೋಡೆಯನ್ನು ಎರಡು ಟೈಲ್ ಆಚೆ ಸರಿಸಲು ಯಾರಿಗೆ ಮನಸ್ಸು ಬರುತ್ತದೆ? ಏನೂ ಹೊಳೆಯದ ಸ್ಥಿತಿಗೆ ಬ್ಲಾಕ್ ಅಂತ ಕರೆಯುತ್ತೇವಲ್ಲ, ಅದರಲ್ಲಿ ಎಷ್ಟೋ ಸಲ ಇರುವುದು ಈ ಜಿಪುಣತನ.

ಶುರು ಚೆನ್ನಾಗಿ ಆಗುತ್ತದೆ. ಅರ್ಧಕ್ಕೆ ಬಂದು ನಿಂತುಬಿಡುತ್ತೇನೆ. ಏನು ಮಾಡಲಿ?

ಇದು ನನಗೂ ಇರುವ ಕಾಯಿಲೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಸಮಾಧಾನಕ್ಕೆ ಒಂದು ಕಥೆ. ವಾಲ್ವ್ ಕಂಪನಿಯವರು ಹಾಫ್-ಲೈಫ್ ಗೇಮನ್ನು 1997ರಲ್ಲೇ ಬಿಡಬೇಕು ಅಂತಿದ್ದರು. ಕೂತು ಪೂರ್ತಿ ನೋಡಿದರೆ ಬಿಡಿಬಿಡಿಯಾಗಿ ಚೆನ್ನಾಗಿದ್ದದ್ದು ಒಟ್ಟಿಗೆ ಸೇರಿ ಗೇಮ್ ಆಗಿರಲಿಲ್ಲ. ಆಗ ಅವರು ಚಿಕ್ಕ ಗುಂಪೊಂದನ್ನು ಕೂರಿಸಿ ಒಂದೇ ಒಂದು ಲೆವೆಲ್ ಮಾಡಿಸಿದರು. ಇರುವ ಆಯುಧ, ಶತ್ರು, ಚಮತ್ಕಾರ ಎಲ್ಲವನ್ನೂ ಅದರಲ್ಲೇ ತುರುಕಿ ಅಂದರು. ಆ ಲೆವೆಲ್ ಆಡಲು ಎಷ್ಟು ಮಜಾ ಇತ್ತು ಅಂದರೆ, ಮಿಕ್ಕ ಹೆಚ್ಚಿನ ಕೆಲಸವನ್ನು ಪಕ್ಕಕ್ಕಿಟ್ಟು ಅದನ್ನೇ ಅಳತೆಗೋಲು ಮಾಡಿಕೊಂಡು ಮತ್ತೆ ಶುರು ಮಾಡಿದರು. ಗೇಮ್ ಬಂದಿದ್ದು 1998ರ ನವೆಂಬರ್‌ನಲ್ಲಿ. ಅಂಥವರೇ ನಿಂತಿದ್ದಾರೆ, ನಾವು ನಿಂತರೆ ಏನು?

ಈ ಕಥೆಯಿಂದ ನಾನು ಎತ್ತಿಕೊಂಡಿದ್ದು ಒಂದು ಉಪಾಯ. ಅರ್ಧಕ್ಕೆ ನಿಂತಾಗ ಉಳಿದರ್ಧ ಮುಗಿಸಲು ಒದ್ದಾಡುವುದಿಲ್ಲ. ಮಾಡಿದ್ದರಲ್ಲಿ ಯಾವ ಹತ್ತು ಸೆಕೆಂಡ್ ನನಗೇ ಮತ್ತೆ ಮತ್ತೆ ಆಡಬೇಕು ಅನ್ನಿಸುತ್ತದೆ ಅಂತ ಹುಡುಕುತ್ತೇನೆ. ಅದನ್ನು ಕತ್ತರಿಸಿ ಹೊಸ ಕೋಣೆಯಲ್ಲಿ ಇಡುತ್ತೇನೆ. ಅದರ ಮುಂದೆ ಹಿಂದೆ ಏನು ಬೇಕು ಅಂತ ಅದೇ ಹೇಳುತ್ತದೆ.

ಎರಡನೆಯದು, ಬಾಗಿಲಿನಿಂದ ಹಿಂದಕ್ಕೆ ಬನ್ನಿ. ಕೊನೆಯ ಜಿಗಿತ ಮೊದಲು ಮಾಡಿ. ಅದಕ್ಕೆ ಆಡುವವನು ಯಾವ ಎತ್ತರದಿಂದ, ಎಷ್ಟು ವೇಗದಲ್ಲಿ ಬರಬೇಕು? ಅದು ಗೊತ್ತಾದರೆ ಅದರ ಹಿಂದಿನ ಮೆಟ್ಟಿಲು ಎಲ್ಲಿರಬೇಕು ಅಂತ ತಾನಾಗೇ ಗೊತ್ತಾಗುತ್ತದೆ.

ಮೂರನೆಯದು ಸೋಮಾರಿ ಉಪಾಯ, ನನಗೆ ಬಹಳ ಇಷ್ಟ. ಹೊಳೆಯದ ಜಾಗದಲ್ಲಿ ಸಪಾಟು ನೆಲ ಹಾಕಿ ಒಂದು ಬೋರ್ಡ್ ನೆಡಿ. "ಇಲ್ಲಿ ಹೆದರಿಸಬೇಕು." "ಇಲ್ಲಿ ಉಸಿರಾಡಲು ಬಿಡಬೇಕು." ಆಮೇಲೆ ಮುಂದಿನ ಕೋಣೆಗೆ ಹೋಗಿ. ಶುರುವಿನಿಂದ ಕೊನೆಯವರೆಗೂ ಓಡಲು ಬರುವ ಗೇಮ್ ಒಂದು ಕೈಯಲ್ಲಿದ್ದರೆ ಆ ಬೋರ್ಡ್‌ಗಳು ತಾವೇ ಕರೆಯುತ್ತವೆ. ಕೆಲವು ಸಲ ಸಪಾಟು ನೆಲವೇ ಸರಿ ಅನ್ನಿಸಿ ಹಾಗೇ ಬಿಟ್ಟಿದ್ದೂ ಇದೆ.

ಬೇರೆ ಗೇಮ್‌ನ ಲೆವೆಲ್ ಕದ್ದರೆ ತಪ್ಪಾ?

ಹಾಗ್ಹಾಗೇ ಎತ್ತಿ ಬಿಡುಗಡೆ ಮಾಡಿದರೆ ತಪ್ಪು. ಕಲಿಯಲು ನಕಲು ಮಾಡುವುದು ತಪ್ಪಲ್ಲ. ಸಂಗೀತ ಕಲಿಯುವವರು ಗುರು ಹಾಡಿದ್ದನ್ನೇ ಹಾಡಿಕೊಂಡು ಕಲಿಯುವುದಿಲ್ಲವಾ? ನಿಮಗಿಷ್ಟವಾದ ಒಂದು ಕೋಣೆಯನ್ನು ನಿಮ್ಮ ಗೇಮ್‌ನ ಅಳತೆಯಲ್ಲಿ ಕಟ್ಟಿ. ಅಲ್ಲಿನ ಹೀರೋ ಬೇರೆ, ನಿಮ್ಮವನು ಬೇರೆ. ಒಂದು ಕಡೆ ಕೂರುವುದಿಲ್ಲ. ಅದನ್ನು ಕೂರಿಸಲು ಏನೋ ಬದಲಾಯಿಸುತ್ತೀರಿ, ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಸಂಜೆಯೊಳಗೆ ಅದು ನಿಮ್ಮದೇ ಆಗಿರುತ್ತದೆ.

ನನ್ನ ಲೆವೆಲ್ ಎಲ್ಲ ಒಂದೇ ತರ ಆಗುತ್ತಿವೆ.

ಪುಸ್ತಕ ತೆಗೆದು ಪ್ರತಿ ಕೋಣೆಯಲ್ಲೂ ಹೀರೋ ಹೋಗುವ ದಾರಿಯನ್ನು ಮಾತ್ರ ಒಂದೇ ಗೆರೆಯಲ್ಲಿ ಎಳೆಯಿರಿ. ನಾನು ಹೀಗೆ ಮಾಡಿದಾಗ ನಗು ಬಂತು. ಹತ್ತರಲ್ಲಿ ಎಂಟು ಕೋಣೆ ಎಡದಿಂದ ಬಲಕ್ಕೆ, ಮೆಟ್ಟಿಲು ಹತ್ತಿ, ಕೊನೆಗೆ ದೊಡ್ಡ ಹಳ್ಳ. ಮುಂದಿನ ಕೋಣೆಗೆ ಅದನ್ನೇ ನಿಷೇಧ ಮಾಡಿದೆ. ಹತ್ತುವ ಹಾಗಿಲ್ಲ. ಇನ್ನೊಂದಕ್ಕೆ ಹಾರುವುದೇ ಬೇಡ ಅಂದೆ, ಪ್ಲಾಟ್‌ಫಾರ್ಮರ್‌ನಲ್ಲಿ! ಬರೀ ಬೀಳುತ್ತಾ ಇಳಿಯುವ ಕೋಣೆ ಹುಟ್ಟಿದ್ದು ಹಾಗೆ.

ಪರದೆ ಬಿಟ್ಟು ಹೊರಗೂ ಹೋಗಿ. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಹೋಗಿದ್ದರೆ ನೆನಪಿರುತ್ತದೆ. ಬಾಗಿಲುಗಳ ದಾರಿ ನೇರವಾಗಿ ಇಲ್ಲ. ಒಳಗೆ ಕಾಲಿಟ್ಟ ಕೂಡಲೇ ಗೋಡೆ ತಿರುಗುತ್ತದೆ, ಮುಂದೇನಿದೆ ಕಾಣುವುದಿಲ್ಲ, ಮೇಲಿರುವವನಿಗೆ ಮಾತ್ರ ನೀವು ಚೆನ್ನಾಗಿ ಕಾಣುತ್ತೀರಿ. ಓಬವ್ವನ ಕಿಂಡಿ ನೋಡಿ. ಒಬ್ಬರ ಹಿಂದೆ ಒಬ್ಬರು ನುಸುಳಿ ಬರಬೇಕಾದ ಸಂದಿ. ಶೂಟರ್ ಗೇಮ್ ಮಾಡುವವರು ಚೋಕ್‌ಪಾಯಿಂಟ್ ಅನ್ನುವುದು ಇದನ್ನೇ ಅಲ್ವಾ? ಅಲ್ಲಿ ನಾನು ಫೋಟೋ ತೆಗೆದದ್ದು ಕಡಿಮೆ, ಪುಸ್ತಕದಲ್ಲಿ ತಿರುವುಗಳನ್ನು ಬರೆದುಕೊಂಡದ್ದು ಜಾಸ್ತಿ. ಜೊತೆಗೆ ಬಂದವರು ಮುಂದೆ ಹೋಗಿ ಕಾಯುತ್ತಾ ಬೈದರು.

ಕಂಪ್ಯೂಟರೇ ಲೆವೆಲ್ ಹುಟ್ಟಿಸುವ ಹಾಗೆ ಮಾಡಿದರೆ ಈ ತಲೆನೋವು ತಪ್ಪುತ್ತದಾ?

ತಪ್ಪುವುದಿಲ್ಲ, ಜಾಗ ಬದಲಾಗುತ್ತದೆ. ಡೆರೆಕ್ ಯು ಮಾಡಿದ ಸ್ಪೆಲಂಕಿ ಇದಕ್ಕೆ ಒಳ್ಳೆಯ ಉದಾಹರಣೆ. 2008ರ ಆ ಮೊದಲ ಗೇಮ್‌ನಲ್ಲಿ ಲೆವೆಲ್ ಅಂದರೆ 4×4, ಹದಿನಾರು ಕೋಣೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ದಾರಿ ಇರುವಂತೆ ಪ್ರೋಗ್ರಾಂ ಮೊದಲು ನೋಡಿಕೊಳ್ಳುತ್ತದೆ. ಆದರೆ ಆ ಕೋಣೆಗಳ ಅಚ್ಚುಗಳನ್ನು ಕೈಯಲ್ಲೇ ಮಾಡಿಟ್ಟಿದ್ದಾರೆ. ಅಂದರೆ ಅಚ್ಚು ಮಾಡಲು ಕೂತಾಗ ಮತ್ತದೇ ಖಾಲಿ ಚೌಕ ನಿಮ್ಮನ್ನು ನೋಡುತ್ತದೆ.

ಗೇಮ್ ಜಾಮ್‌ಗೆ ಹೋದರೆ ಉಪಯೋಗ ಇದೆಯಾ?

ಇದೆ. ಜಾಮ್ ಅಂದರೆ ಕೆಲವೇ ದಿನದಲ್ಲಿ ಒಂದು ಗೇಮ್ ಮಾಡಿ ಮುಗಿಸುವ ಕೂಟ. ಸಮಯ ಇಲ್ಲದಿದ್ದಾಗ ನಾಚಿಕೆ ಬಿಟ್ಟುಹೋಗುತ್ತದೆ. ಸೆಲೆಸ್ಟ್ ಮೊದಲು ಪಿಕೊ-8 ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ನಾಲ್ಕು ದಿನದಲ್ಲಿ ಮಾಡಿದ ಪುಟ್ಟ ಗೇಮ್. 2018ರಲ್ಲಿ ಬಂದ ದೊಡ್ಡದು ಅದರಿಂದ ಬೆಳೆದದ್ದು. ಬಾಬಾ ಈಸ್ ಯು ಗೇಮನ್ನು ಆರ್ವಿ ಟೈಕರಿ ಶುರು ಮಾಡಿದ್ದು 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ. ನಿಮಗೆ ಜಾಮ್ ಸಿಗದಿದ್ದರೆ ಮನೆಯಲ್ಲೇ ಕುಕ್ಕರ್ ಇಟ್ಟು ಕೂರಿ. ಅನ್ನ ಆಗುವುದರೊಳಗೆ ಒಂದು ಕೋಣೆ. ತಮಾಷೆ ಮಾಡುತ್ತಿಲ್ಲ, ನನ್ನ ಎರಡು ಕೋಣೆ ಮೂರು ವಿಷಲ್ ಒಳಗೆ ಆದವು.

ಬೇರೆಯವರಿಗೆ ಯಾವಾಗ ತೋರಿಸಲಿ? ಇನ್ನೂ ಸರಿಯಾಗಿಲ್ಲ.

ಇವತ್ತೇ. ಸಿಕ್ಕಿಹಾಕಿಕೊಂಡಿದ್ದೀರಿ ಅಂದರಂತೂ ಈಗಲೇ. ಒಂದೇ ನಿಯಮ: ಅವರು ಆಡುವಾಗ ನೀವು ಬಾಯಿ ಬಿಡುವಂತಿಲ್ಲ.

ಅಕ್ಕನ ಮಗನಿಗೆ ಒಂಬತ್ತು ವರ್ಷ. ದಸರಾ ರಜೆಗೆ ಬಂದಿದ್ದ. ವಾರದಿಂದ ನನಗೆ ಮುಂದೆ ಹೋಗದಿದ್ದ ಕೋಣೆಯನ್ನು ಅವನ ಕೈಗೆ ಕೊಟ್ಟೆ. ದಾರಿ ಬಲಕ್ಕಿದೆ, ದೀಪವೂ ಅಲ್ಲೇ ಇದೆ. ಅವನು ಎಡಕ್ಕೆ ಹೋದ. ಗೋಡೆಗೆ ಡಿಕ್ಕಿ ಹೊಡೆದ. ಮತ್ತೆ ಹೊಡೆದ. ನಾನು ತುಟಿ ಕಚ್ಚಿಕೊಂಡು ಕೂತೆ. ಏಳೆಂಟು ಸಲ ಆದ ಮೇಲೆ ತಿರುಗಿ ಕೇಳಿದ: "ಮಾಮ, ಈ ಗೋಡೆ ಒಡೆಯುತ್ತೆ ಅಲ್ವಾ?"

ಆ ಗೋಡೆ ಟೈಲ್‌ನಲ್ಲಿ ಅಂದಕ್ಕೆ ಅಂತ ಸಣ್ಣ ಬಿರುಕು ಬಿಡಿಸಿದ್ದೆ. ನನ್ನ ಗೇಮ್‌ನಲ್ಲಿ ಒಡೆಯುವ ಗೋಡೆಯೇ ಇರಲಿಲ್ಲ. "ಒಡೆದರೆ ಒಳಗೆ ಏನಿರಬೇಕು?" ಅಂದೆ. ಅವನು ಯೋಚನೆಯೇ ಮಾಡಲಿಲ್ಲ. "ಇನ್ನೊಂದು ಗೋಡೆ. ಅದು ಒಡೆಯಲ್ಲ." ಅಂದು ಮೋಸದ ನಗು ನಕ್ಕ. ಆ ರಾತ್ರಿ ಕೂತು ಒಡೆಯುವ ಗೋಡೆಯ ಕೋಡ್ ಬರೆದೆ. ಅವನು ಹೇಳಿದ ಮೋಸವೂ ಗೇಮ್‌ನಲ್ಲಿದೆ.

ಇದು ಬ್ಲಾಕಾ, ಬರೀ ಸುಸ್ತಾ? ಹೇಗೆ ಗೊತ್ತಾಗುತ್ತೆ?

ಬೇರೆಯವರ ಗೇಮ್ ಆಡಲೂ ಬೇಜಾರು ಅಂದರೆ ಸುಸ್ತು. ಮಲಗಿ.

ಒಂದು ಲೆವೆಲ್ ಅನ್ನು ಎಷ್ಟು ದಿನ ತಿದ್ದಲಿ? ಯಾವಾಗ ಬಿಸಾಕಲಿ?

ನನ್ನ ಲೆಕ್ಕ ಮೂರು ಸಂಜೆ. ಮೂರನೇ ಸಂಜೆಯೂ ಆ ಕೋಣೆ ಏನು ಕೇಳುತ್ತಿದೆ ಅಂತ ಒಂದು ಸಾಲಿನಲ್ಲಿ ಹೇಳಲು ಆಗದಿದ್ದರೆ ಅದು ಗೇಮ್‌ನಿಂದ ಹೊರಗೆ. ಡಿಲೀಟ್ ಮಾಡುವುದಿಲ್ಲ. "ಅಟ್ಟ" ಅಂತ ಒಂದು ಫೋಲ್ಡರ್ ಇದೆ, ಅದರಲ್ಲಿ ಹಾಕುತ್ತೇನೆ. ಮನೆಯ ಅಟ್ಟದ ಹಾಗೆಯೇ, ಮುರಿದ ಕುರ್ಚಿ, ಹಳೇ ತಗಡು ಎಲ್ಲ ಅಲ್ಲಿರುತ್ತದೆ. ಬೇರೆ ಏನೋ ಹುಡುಕಲು ಹತ್ತಿದಾಗ ಬೇಕಾದದ್ದು ಸಿಗುತ್ತದೆ. ಬೀಳುತ್ತಾ ಇಳಿಯುವ ಕೋಣೆ ಇತ್ತಲ್ಲ, ಅದರ ಕೆಳಗಿನ ಅರ್ಧ ಬಂದದ್ದು ಅಲ್ಲಿಂದಲೇ. ಹೋದ ವರ್ಷ ಹತ್ತುವ ಕೋಣೆ ಅಂತ ಮಾಡಿ ಬಿಸಾಕಿದ್ದೆ. ತಲೆಕೆಳಗೆ ತಿರುಗಿಸಿದೆ, ಕೂತುಬಿಟ್ಟಿತು.

ಸದ್ಯ ಗೇಮ್‌ನಲ್ಲಿ 19 ಕೋಣೆ ಇವೆ. ಅಟ್ಟದಲ್ಲಿ 34.